ಬ, ಮ, ಪ

ಫೋರ್ಟಿನ ರಾತ್ರಿಶಾಲೆಗೆ ಭಾನುವಾರ ರಜೆ.
ಕರಿಹಲಗೆಯ ಮೂಲೆಯಲ್ಲಿ ‘ಹಾಜರಿ ೧೪’ ಇನ್ನೂ ಅಳಿಸಿಲ್ಲ,
ಅದರ ಮೇಲೇ ಬಿಳಿ ಬಟ್ಟೆ ಎಳೆದು ಕಟ್ಟುತ್ತೇವೆ.
ಎರಡು ಪಂಚೆ ಸೇರಿಸಿದ್ದು; ನಡುವೆ ಒಂದು ಹೊಲಿಗೆ,
ಬಂದ ಮುಖಗಳ ಮೇಲೆಲ್ಲ
ಹಳೆಯ ಗಾಯದ ಗುರುತಿನಂತೆ ಹಾಯುತ್ತದೆ.

ಇರುವುದು ಹತ್ತೊಂಬತ್ತು ನಿಮಿಷ.
ಚೋರ್ ಬಜಾರಿನಲ್ಲಿ ಬಿಸ್ಕತ್ತಿನ ಡಬ್ಬಿಯೊಳಗೆ
ಸುರುಳಿ ಸುತ್ತಿ ಮಲಗಿತ್ತು, ತೂಕಕ್ಕೆ ಕೊಂಡದ್ದು.
ಅಸಲು ಈಗ ಎಲ್ಲೋ ತಣ್ಣನೆಯ ಕೋಣೆಯಲ್ಲಿ,
ನಮ್ಮ ಪಾಲಿಗೆ ನಕಲು.
ಹೆಸರಿಲ್ಲ, ಕೊನೆಯಿಲ್ಲ.
ರಾಣಿ ಕಾಡಿಗೆ ಹೋಗುತ್ತಾಳೆ, ಅಷ್ಟು ಗೊತ್ತು.
ರಾಣಿ ಗಂಡಸು. ಆ ಕಾಲಕ್ಕೆ ಹಾಗೇ.
ಪೌಡರು ಬಿರಿದಲ್ಲಿ ಮೀಸೆಯ ಜಾಗ ತುಸು ಕಪ್ಪು.

ಹಗಲೆಲ್ಲ ನಾನು ಅಂಧೇರಿಯ ಸ್ಟುಡಿಯೋದಲ್ಲಿ
ಯಾರದೋ ಬಳೆ, ಯಾರದೋ ಬೂಟು.
ಗಾಜಿನ ಹಿಂದೆ ನಿಂತು ಊರವರ ಹೆಜ್ಜೆಯೆಲ್ಲ ನಡೆಯುವವಳು.
ಇಲ್ಲಿ ಮಾತ್ರ ಎಲ್ಲರೆದುರು ಚಾಪೆ ಹಾಸಿ ಕೂರುತ್ತೇನೆ:
ಕರಟ ಕುಟ್ಟಿದರೆ ಕುದುರೆ, ತಗಡು ಅಲ್ಲಾಡಿಸಿದರೆ ಗುಡುಗು,
ಎಳೆ ಬೆಂಡೆಕಾಯಿ ಮುರಿದರೆ ದೂತನ ಬೆರಳು.
ಮಕ್ಕಳು ಪರದೆ ಬಿಟ್ಟು ನನ್ನ ಕೈ ನೋಡುತ್ತವೆ.

ಹಳೇ ಯಂತ್ರ. ಎರಡು ಸಲ ದೀಪ ಆರಿಸಿ ತಣಿಸಬೇಕು.
ಆಗ ಮುನಾಫ್ ಹಣೆಯ ಮೇಲೆ ಏಳು ಗ್ಲಾಸು ನಿಲ್ಲಿಸುತ್ತಾನೆ,
ಎಂಟನೆಯದು ಬೀಳಲೇಬೇಕು, ಬಿದ್ದರೇ ಚಪ್ಪಾಳೆ.
ಪೊಲೀಸ್ ಬ್ಯಾಂಡಿನಿಂದ ನಿವೃತ್ತನಾದ ಆಗ್ನೆಲೊ
ರಾಣಿ ಅಳುವಾಗ ಮದುವೆಯ ಧಾಟಿಯನ್ನೇ ಕಾರ್ನೆಟ್ಟಿನಲ್ಲಿ ಎಳೆಯುತ್ತಾನೆ.
‘ನಿಧಾನ ಮಾಡಿದರೆ ಎಲ್ಲವೂ ಅಳುತ್ತದಮ್ಮ’ ಅನ್ನುತ್ತಾನೆ.
ಪಡ್ವಳ್ ಮಾಸ್ತರರು ಬೆತ್ತ ಎತ್ತಿ, ಮೊದಲು ಮರಾಠಿ, ಆಮೇಲೆ ಕನ್ನಡ:
‘ಎಲೈ ವನದೇವತೆಗಳಿರಾ! ಈ ಬಸಿರ ಕೂಸಿಗೆ ನೀವೇ ದಿಕ್ಕು!’
ಅಲ್ಲಿಗೆ ಹಿಂದಿನ ಬೆಂಚಿನಲ್ಲಿ ಮೂಗು ಸುರಿಯುವ ಸದ್ದು.

ಆವತ್ತು ಅದೇ ಜಾಗದಲ್ಲಿ ಯಾರೋ ನಕ್ಕರು.
ಚಂದ್ರಭಾಗಾ. ಪರದೆ ಹೊಲಿದವಳು,
ಹುಟ್ಟಿನಿಂದ ಕಿವಿ ಕೇಳದವಳು,
ಬೆಳಗಾವಿಯ ಶಾಲೆಯಲ್ಲಿ ತುಟಿ ಓದಲು ಕಲಿತವಳು.
ಮಾಸ್ತರರು ಬೆತ್ತ ಇಳಿಸಿದರು. ದೀಪ ಹಚ್ಚಿದೆವು.
ಅವಳು ನಡೆದು ಬಂದು ಬಟ್ಟೆಯ ತುದಿ ಎತ್ತಿ
ಹಾಜರಿಯ ಕೆಳಗೆ ಸೀಮೆಸುಣ್ಣದಲ್ಲಿ ಬರೆದಳು:

ಬ್ಯಾಗ ಮುಗಸ್ರಿ. ಸೀರಿ ಸಡ್ಲಾಗೇತಿ.

ಮತ್ತೆ ಓಡಿಸಿದೆವು. ಮತ್ತೆ.
ಹೊಟ್ಟೆಯ ಮೇಲಿನ ಆ ಕೈ!
ಬಸಿರೆಂದು ನಾವು ಏಳು ಭಾನುವಾರ ಅತ್ತದ್ದು
ನೆರಿಗೆಯ ಗಂಟು ಹಿಡಿದ ಕೈ.

ಅವಳೇ ಆಮೇಲೆ ತಿದ್ದಿದಳು, ಪ್ರಾಮಾಣಿಕಳು:
ಬ, ಮ, ಪ — ಮೂರಕ್ಕೂ ತುಟಿ ಮುಚ್ಚುವುದು ಒಂದೇ ಥರ.
‘ಬ್ಯಾಗ’ ಅಲ್ಲದಿದ್ದರೆ ‘ಮ್ಯಾಗ’ ಇದ್ದೀತು.
ಮ್ಯಾಗ ಏನು? ಬಿಸಿಲೋ, ಹದ್ದೋ, ಅವನಿಗೇ ಗೊತ್ತು.
ಸೀರೆ ಮಾತ್ರ ಖಾತ್ರಿ.
ಬಟ್ಟೆಯ ವಿಷಯದಲ್ಲಿ ಅವಳು ತಪ್ಪುವುದಿಲ್ಲ.

ಯಾವ ನಾಟಕ ಕಂಪನಿ ಮುಳುಗಿ ಈ ಊರಿನ ರೈಲು ಹತ್ತಿದನೋ,
ಹುಬ್ಬಳ್ಳಿಯೋ, ಗದಗೋ.
ಅವನ ಮಾತು ಬರುವವರು ಆ ಬಯಲಲ್ಲಿ ಯಾರೂ ಇದ್ದಿರಲಾರರು,
ಯಂತ್ರಕ್ಕಂತೂ ಕಿವಿಯೇ ಇರಲಿಲ್ಲ.
ಆದರೂ ‘ರೀ’ ಅಂದ. ಮರ್ಯಾದೆ ಬಿಡಲಿಲ್ಲ.

ಮಾಸ್ತರರು ಎರಡು ದಿನ ಫೋನು ಎತ್ತಲಿಲ್ಲ.
ಮುಂದಿನ ಭಾನುವಾರ ವನದೇವತೆಗಳ ಹತ್ತಿರ ಬಂದಾಗ
ಬಾಯಿ ತೆರೆದರು, ಮುಚ್ಚಿದರು.
ಆಗ್ನೆಲೊ ಕಾರ್ನೆಟ್ಟು ತೊಡೆಯ ಮೇಲಿಟ್ಟ.
ಇಡೀ ಕೋಣೆಯಲ್ಲಿ ಯಂತ್ರದ ಟಿಕಿಟಿಕಿ ಒಂದೇ.
ನಾನು ಅವ್ವನ ಹಳೇ ಇಳಕಲ್ ಸೀರೆಯ ಗಂಟು
ಮೈಕಿನ ಹತ್ತಿರ ಹಿಡಿದು, ಮೆಲ್ಲಗೆ,
ಒಂದೊಂದೇ ಸುತ್ತು ಜಾರಬಿಟ್ಟೆ.

ಯಾರೂ ನಗಲಿಲ್ಲ. ಒಬ್ಬರು ಕೆಮ್ಮಿದರು.

ಸಾಮಾನು ಕಟ್ಟುವಾಗ ನೋಡಿದೆ:
ಕರಟ, ತಗಡು, ಉಳಿದ ಬೆಂಡೆಕಾಯಿ,
ಪಕ್ಕದಲ್ಲಿ ಕಾಗದಕ್ಕೆ ಚುಚ್ಚಿಟ್ಟ
ದೊಡ್ಡದೊಂದು ಸೇಫ್ಟಿ ಪಿನ್ನು.
ಕಾಗದದ ಮೇಲೆ ಚಂದ್ರಭಾಗಾಳ ಅಕ್ಷರ:
‘ರಾಣಿಗೆ.’