ಈಚಲ ಗರಿ

ಮಾರ್ಚ್ ಕೊನೆಯ ಶನಿವಾರ, ಇನ್ನೂ ಐದು ಹೊಡೆದಿಲ್ಲ.
ಸೈಲಸ್ ಮಾಮಾನ ಮೊಣಕಾಲಿಗೆ ಈ ವರ್ಷ
ಕಿಕ್ ಹೊಡೆಯುವ ತಾಕತ್ತಿಲ್ಲ.
ಅದಕ್ಕೇ ಬಂದೆ, ಬೇರೆ ಯಾವುದಕ್ಕೂ ಅಲ್ಲ,
ಎಂದು ಅವನಿಗೂ ಹೇಳಿದೆ, ಗುಡಿ ಗೇಟಿನ ಬೇವಿನ ಮರಕ್ಕೂ.
ಆಸ್ಪತ್ರೆಯ ಏಳನೇ ಮಂಚದಲ್ಲಿ ಅಮ್ಮನ ಉಸಿರು ನಿಂತ ಮೇಲೆ
ಕೀರ್ತನೆ ಪುಸ್ತಕ ತೆರೆದಿಲ್ಲ ನಾನು.
ಸ್ಕೂಟರ್ ಓಡಿಸುತ್ತೇನೆ, ಅಷ್ಟೆ.

ಬೀದರ್ ಮುಗಿಯುವುದು ಥಟ್ಟನೆ.
ತಾಟಿನ ಅಂಚಿನಿಂದ ಇರುವೆ ಇಳಿದಂತೆ
ಜನವಾಡದ ಕಡೆ ಇಳಿದೆವು.
ಮೇಲೆ ಕೆಂಪು, ಕೆಳಗೆ ಕಪ್ಪು;
ಎರಡೂ ಸೇರುವ ಗೆರೆಯಲ್ಲಿ ಒಂದು ಸಣ್ಣ ಝರಿ,
ಯಾರೋ ನಲ್ಲಿ ಬಿಗಿಯಾಗಿ ತಿರುವಲು ಮರೆತ ಹಾಗೆ.
"ಮ್ಯಾಲ ಬಿದ್ದ ಮಳಿ ಕೆಂಪು ಕಲ್ಲಾಗ ಇಂಗತದ,
ಕರೀ ಕಲ್ಲು ತಡದಲ್ಲಿ ಹೊರಗ ಬರ್ತದ."
ಮೂವತ್ತು ವರ್ಷ ಕಂಪೌಂಡರ್ ಆಗಿದ್ದವ,
ದೇವರನ್ನೂ ಡೋಸಿನಲ್ಲೇ ಅಳೆಯುತ್ತಾನೆ:
"ದಿನಾ ಇಷ್ಟಿಷ್ಟೇ. ಶೀಶೆ ಅಲುಗಿಸಿ ಕುಡೀಬೇಕು."

ನಾನು ನಗಲಿಲ್ಲ.
ಆದರೆ ಬೊಗಸೆ ಒಡ್ಡಿದೆ. ತಣ್ಣಗಿತ್ತು.

ಆಮೇಲೆ ಮುತ್ತುಗ.
ಒಂದೂ ಎಲೆ ಇಲ್ಲದೆ, ನಾಚಿಕೆ ಇಲ್ಲದೆ,
ಬೋಳು ಟೊಂಗೆಯ ತುಂಬ ಕೆಂಡ.
ಕೊಯ್ದು ಮುಗಿದ ಜೋಳದ ಹೊಲದಲ್ಲಿ
ಹನ್ನೊಂದು ಚಿಗರಿ ನಿಂತಿದ್ದವು.
ನಾನು ಎಂಜಿನ್ ಆರಿಸಿದೆ.
ಹನ್ನೆರಡನೆಯದು ಎಲ್ಲಿಂದಲೋ ಜಿಗಿಯಿತು,
ಬೆನ್ನು ಕಪ್ಪು, ಹೊಟ್ಟೆ ಬಿಳಿ, ಕೊಂಬು ತಿರುಚಿದ ಹಗ್ಗ.
ನೆಲಕ್ಕೆ ಬರುವಷ್ಟರಲ್ಲಿ ಬೆಳಕಾಗಿತ್ತು.
ಮಾಮಾ ಟೋಪಿ ತೆಗೆದ. ಯಾಕೆ ಅಂತ ಕೇಳಲಿಲ್ಲ ನಾನು.

ಹಳ್ಳದ ದಂಡೆಯ ಈಚಲ ಗಿಡಗಳು
ನೋಡಲು ಮೆತ್ತಗೆ, ಮುಟ್ಟಿದರೆ ಗೊತ್ತಾಗುತ್ತದೆ.
ಗರಿಯ ಬುಡದಲ್ಲಿ ಸಾಲಾಗಿ ಸೂಜಿಗಳು;
ಅಮ್ಮನಿಗೆ ದಿನಾ ಚುಚ್ಚುತ್ತಿದ್ದಂಥವು.
ಮಾಮಾ ಕುಡಗೋಲು ಬೀಸಿದ, ನಾನು ಎಳೆದೆ, ಪೇರಿಸಿದೆ.
"ನೂರಾ ಹತ್ತು ಬೇಕು, ಸಂಡೇಸ್ಕೂಲ್ ಮಕ್ಕಳೇ ನಲವತ್ತು."
ಎಂಬತ್ತಮೂರಕ್ಕೆ ಒಂದು ಮುಳ್ಳು
ನನ್ನ ಹೆಬ್ಬೆರಳಲ್ಲಿ ಮುರಿಯಿತು.

ಹೊರಟರೆ ಕ್ಲಚ್ ವೈರ್ ಹರಿಯಿತು.

ಇಟ್ಟಿಗೆ ಭಟ್ಟಿಯ ಕಡೆಯಿಂದ ಬಂದ ಹುಡುಗ,
ಹೆಸರು ಮೌಲಾ, ಬಾಯಲ್ಲಿ ಬೇವಿನ ಕಡ್ಡಿ.
ಅವನ ಹಿಂದೆ ಒಂದು ಕತ್ತೆ,
ಕಿವಿಯಲ್ಲಿ ಇಟ್ಟಿಗೆ ಧೂಳು, ಮುಖದಲ್ಲಿ ಯಾವ ಅವಸರವೂ ಇಲ್ಲ.
ಮಾಮಾ ನನ್ನನ್ನು ನೋಡಿದ.
ನಾನು ಮಾಮಾನನ್ನು ನೋಡಿದೆ.
"ಬರೀ ಕತ್ತಿ ಅದು," ಅಂದೆ.
"ನಾ ಏನ್ ಅಂದ್ನೇನ?" ಅಂದ.

ಗರಿ ಹೇರಿ ಘಾಟ್ ಹತ್ತಿದೆವು, ಸ್ಕೂಟರ್ ತಳ್ಳುತ್ತ.
ಕೌಜುಗ ಕೂಗಿತು. ಟ್ರ್ಯಾಕ್ಟರೊಂದು ದಾರಿ ಬಿಟ್ಟಿತು.
ಕತ್ತೆ ಕುತ್ತಿಗೆ ತಿರುಗಿಸಿ, ತನ್ನ ಹೊರೆಯಿಂದಲೇ
ಒಂದೊಂದು ಗರಿ ಎಳೆದು ತಿನ್ನುತ್ತ ನಡೆಯಿತು.
ನಾನು ಬಿಡಿಸಲು ಹೋದರೆ ಮೌಲಾ,
"ರಹನೇ ದೋ ಅಕ್ಕಾ, ಭೂಕೀ ಹೈ" ಅಂದ.
ಮಾಮಾ ನಕ್ಕು ನಕ್ಕು ಕೆಮ್ಮಿದ:
"ತಿನ್ಲಿ ಬಿಡು. ಎಲ್ಲಾರ್ಕಿಂತ ಮೊದ್ಲು ಹಬ್ಬಾ ಅದ್ರದು."

ಝರಿಯ ಹತ್ತಿರ ಅದು ನಿಂತಿತು, ಕುಡಿಯಿತು.
ನಾವೂ ನಿಂತೆವು.
ಮೂರು ಮನುಷ್ಯರು, ಒಂದು ಪ್ರಾಣಿ, ಒಂದು ಕೆಟ್ಟ ಸ್ಕೂಟರ್,
ಅಮ್ಮನಿಗೆ ಹಿಡಿಸುತ್ತಿತ್ತು ಇದು,
ಅಂತ ಅನಿಸಿದ್ದು ಜೋರಾಗಿ ಬಾಯಿಂದ ಬಂತೇನೋ,
ಮಾಮಾ "ಹೂಂ" ಅಂದ.

ಭಾನುವಾರ ಎಪ್ಪತ್ತು ಗರಿ, ಕೆಲವು ಅರ್ಧ.
ತಿಂದ ಅಂಚಿನದಕ್ಕೇ ಮಕ್ಕಳ ಜಗಳ.
ಹೊಸಾನ್ನ ಅಂತ ಎಲ್ಲರೂ ಎತ್ತಿದಾಗ
ನಾನೂ ಎತ್ತಿದೆ. ಮೊದಲ ಸಾಲಿನಲ್ಲಲ್ಲ,
ಬಾಗಿಲ ಬಳಿ, ಚಪ್ಪಲಿಗಳ ಹತ್ತಿರ.
ಹೆಬ್ಬೆರಳು ಒಳಗೇ ಮಿಡಿಯುತ್ತಿತ್ತು.

ಪಿನ್ನು ಕಾಯಿಸಿ ತೆಗೆಯುತ್ತೇನೆಂದ ಮಾಮಾ.
ಇರಲಿ, ಅಂದೆ, ಈ ವಾರ ಇರಲಿ.