ತೂಬಿನವನು ಲೆಕ್ಕಿಗನಿಗೆ ಹೇಳಿದ್ದು

ಕೂತುಕೋ ಲೂದೂಗ,
ಜೇಡಿ ಒಣಗುವ ಮೊದಲೇ ಹೇಳಿ ಮುಗಿಸುತ್ತೇನೆ.
ಒದ್ದೆ ಬಟ್ಟೆ ಮುಚ್ಚು ಹಲಗೆಯ ಮೇಲೆ;
ಇಲ್ಲಿ ಬಿಸಿಲು ಯಾರ ಮಾತನ್ನೂ ಪೂರ್ತಿ ಕೇಳುವುದಿಲ್ಲ.

ನೀನು ಕೇಳಿದ್ದು ಒಂದೇ:
ದೇಗುಲದ ತೆಂಕಣ ಹೊಲದಲ್ಲಿ ಜವೆ ಯಾಕೆ ಕಡಿಮೆ?
ಉತ್ತರಕ್ಕೆ ನನ್ನ ಬಳಿ ಇಡೀ ಒಂದು ನದಿಯಿದೆ.

ಬರೆದುಕೋ. ಹೆಸರು ಶೆಶ್ಕಲ್ಲ.
ಉಮ್ಮಾ ಸೀಮೆ, ಮೂರನೆಯ ಕಾಲುವೆಯ ತೂಬು.
ತಿಂಗಳಿಗೆ ಅರವತ್ತು ಅಳತೆ ಜವೆ.
ಉಳಿದ ಹಲ್ಲು ಏಳು. ಅದನ್ನು ಬರೆಯಬೇಡ.

ನಮ್ಮ ಇದಿಗ್ನ ಹೊಳೆ
ಹೊತ್ತುಗೊತ್ತು ತಿಳಿಯದ ನೆಂಟ.
ಬಿತ್ತುವಾಗ ಕರೆದರೆ ಮರಳಲ್ಲಿ ಮಲಗಿರುತ್ತದೆ;
ತೆನೆ ತೂಗಿ, ಕುಡುಗೋಲು ಮಸೆದು,
ಇನ್ನೇನು ನಾಳೆ ಕೊಯ್ಯೋಣ ಅನ್ನುವ ಇರುಳು
ಬೆಟ್ಟದ ಹಿಮವನ್ನೆಲ್ಲ ಕರಗಿಸಿಕೊಂಡು,
ಸತ್ತ ಕುರಿಯನ್ನೂ ಯಾರದೋ ಬಾಗಿಲನ್ನೂ ಹೊತ್ತುಕೊಂಡು
ಬಂದು ಕದ ಒದೆಯುತ್ತದೆ.

ದೂರ ಪಡುವಣದಲ್ಲಿ ಇನ್ನೊಂದು ನದಿಯಿದೆಯಂತೆ,
ಕತ್ತೆ ಸಾಲಿನ ವರ್ತಕರು ಹೇಳುತ್ತಾರೆ:
ಕೊಯ್ಲಾದ ಮೇಲೆ ಬಂದು, ಕಪ್ಪು ಮಣ್ಣು ಹಾಸಿ,
ಬಿತ್ತನೆಗೆ ಮುಂಚೆ ತಾನಾಗಿ ಎದ್ದುಹೋಗುತ್ತದಂತೆ.
ಇರಬಹುದು. ದೊಡ್ಡ ಮನೆತನದ ನದಿ.
ನಮ್ಮದಕ್ಕೆ ನಡೆಯಲು ಕಲಿಸಿದವರು ನಾವು.

ಅಜ್ಜ ಅಗೆದ, ಅಪ್ಪ ಒಡ್ಡು ಹಾಕಿದ.
ಹೆಂಡತಿ ಗೆಮೆಲಮ್ಮ ಹೂಳು ಹೊತ್ತಳು
ಒಂಬತ್ತು ಬೇಸಗೆ, ಸೊಂಟಮಟ್ಟ ಕೆಸರಿನಲ್ಲಿ.
ಅವಳಿಗೆ ಮೂವತ್ತು ಅಳತೆ, ನನ್ನ ಅರ್ಧ.
ಬುಟ್ಟಿಯ ಹೂಳು ಮಾತ್ರ
ಇಬ್ಬರ ತಲೆಗೂ ಒಂದೇ ತೂಕ.
ನಿಮ್ಮ ಲೆಕ್ಕದಲ್ಲಿ ಅದು ಎಲ್ಲಿ ಬರುತ್ತದೆ?

ಹೋಗಲಿ ಬಿಡು.
ಕೂರಿಗೆ ಹೂಡಿದ ದಿನ ನೀನು ಬರಬೇಕಿತ್ತು.
ಎತ್ತಿನ ಮುಂದೊಬ್ಬ, ಹಿಂದೊಬ್ಬ,
ಕೊಳವೆಗೆ ಕಾಳು ಬಿಡುವವನೊಬ್ಬ;
ಎರಡು ಬೆರಳು ಆಳ, ಹೆಚ್ಚಿಲ್ಲ ಕಡಿಮೆಯಿಲ್ಲ.
ಆಮೇಲೆ ನಾನು ತೂಬಿನ ಹಲಗೆ ಎತ್ತುತ್ತೇನೆ.
ನೀರು ಮೊದಲು ಅನುಮಾನಿಸುತ್ತದೆ,
ಒಂದು ಹುಲ್ಲುಕಡ್ಡಿಯನ್ನು ಸುತ್ತಿ ಮೂಸುತ್ತದೆ,
ಮತ್ತೆ ಸಾಲು ಹಿಡಿದು ಓಡುತ್ತದೆ
ಹೆಸರು ಕೂಗಿದ ಹಾಗೆ.
ನಲವತ್ತು ವರ್ಷವಾಯಿತು,
ಆ ಒಂದು ಗಳಿಗೆಗೆ ನನಗೆ ಇನ್ನೂ ಹಳಸಿಲ್ಲ.

ಅದೇ ಹೊಲದಲ್ಲಿ ಅಜ್ಜನ ಕಾಲಕ್ಕೆ ಗೋಧಿಯಿತ್ತು.
ಅಪ್ಪನ ಕಾಲಕ್ಕೆ ಗೋಧಿ ಒಂದು ಮೂಲೆ, ಉಳಿದದ್ದು ಜವೆ.
ನನ್ನ ಕಾಲಕ್ಕೆ ಒಂದು ಬೆಳಗ್ಗೆ ಎದ್ದು ನೋಡಿದರೆ
ಸಾಲುಗಳ ನಡುವೆ ಬೆಳ್ಳಗೆ,
ಬೆಳುದಿಂಗಳು ಮನೆಗೆ ಹೋಗಲು ಮರೆತಂತೆ.
ಮಗಳು ನಿನ್ಹೇದು ಬೆರಳದ್ದಿ ನೆಕ್ಕಿ,
"ಅಪ್ಪಾ, ಇನ್ನು ಸಾರಿಗೆ ಕೊಳ್ಳುವುದೇ ಬೇಡ" ಅಂದಳು.
ನಕ್ಕೆವು. ನಗಬಾರದಿತ್ತು.

ಉಪ್ಪು ತಿಂದವನು ನೀರು ಕುಡಿಯಲೇಬೇಕು,
ಇದು ಮನುಷ್ಯರ ನ್ಯಾಯ.
ನೆಲದ್ದು ತಿರುಗುಮುರುಗು:
ನೀರು ಕುಡಿದದ್ದು ಉಪ್ಪು ತಿನ್ನಲೇಬೇಕು.
ಪ್ರತಿ ಗುಟುಕಿಗೂ ಒಂದು ಚಿಟಿಕೆ.
ಹೊಳೆ ಸಾಲ ಕೊಡುವಾಗ ಏನೂ ಹೇಳುವುದಿಲ್ಲ.

ಮುಳ್ಳುಗಿಡಕ್ಕೆ ಇದರ ಮದ್ದು ಗೊತ್ತು.
ಒಂದು ವರ್ಷ ಹೊಲವನ್ನು ಅದರ ಕೈಗೆ ಬಿಡಬೇಕು;
ಆಳಕ್ಕೆ ಬೇರಿಳಿಸಿ ತಗ್ಗಿನ ನೀರು ಹೀರಿ
ಉಪ್ಪನ್ನು ಕೆಳಗೇ ಕೂರಿಸುತ್ತದೆ.
ಅಜ್ಜ ಬಿಡುತ್ತಿದ್ದ.
ನಿಮ್ಮ ಅರಮನೆಗೆ ವರ್ಷವೂ ಬೇಕು,
ವರ್ಷಕ್ಕೊಂದು ಕೋಟೆ, ಕೋಟೆಗೊಂದು ಗೋಡೆ,
ಗೋಡೆ ಕಟ್ಟುವವರಿಗೆ ಗಂಜಿ.

ಹಾಗಾಗಿ ಕೇಳು, ಈಗ ಬಟ್ಟೆ ತೆಗೆ.
ತೆಂಕಣ ಹೊಲದ ಮೂರನೇ ಒಂದು ಪಾಲಿಗೆ
ಈ ಸಲ ನಾನು ತೂಬು ಎತ್ತಲೇ ಇಲ್ಲ.
ಬೀಜದ ಕಾಳು ಕಣಜದಲ್ಲೇ ಇದೆ, ಎಣಿಸಿಕೋ.
ನೀರು ಕದ್ದವನಿಗೆ ಕಟ್ಟಳೆಯಿದೆ, ಬಲ್ಲೆ.
ನೆಲಕ್ಕೆ ನಿದ್ದೆ ಕದ್ದು ಕೊಟ್ಟವನಿಗೆ
ಎಷ್ಟು ಏಟು? ನಿನ್ನ ಹಿರಿಯರನ್ನು ಕೇಳಿ ಬಾ.

ಏನು, ಅದಕ್ಕೆ ಗುರುತು ಇಲ್ಲವೇ?
"ಮಲಗಿದೆ" ಅನ್ನಲು ಒಂದು ಗೀಟೂ ಇಲ್ಲವೇ?
ಸರಿ, ಕಡಿಮೆ ಅಂತಲೇ ಒತ್ತು.

ಆದರೆ ನಿನ್ನ ಕೈಯ ಹಲಗೆ
ಗೆಮೆಲಮ್ಮ ಹೊತ್ತ ಹೂಳಿನದೇ.
ಒಣಗಿದ ಮೇಲೆ,
ಯಾರೂ ನೋಡದಾಗ,
ಅಂಚಿಗೆ ಒಮ್ಮೆ ನಾಲಗೆ ಇಟ್ಟು ನೋಡು.