ಹಗ್ಗ ಹಿಡಿದು ನಡೆದದ್ದು

ಪುಂತಾ ಅರೆನಾಸಿನಲ್ಲಿ ಗಾಳಿ ಎದ್ದಿತೆಂದರೆ
ಬೀದಿ ತಿರುವುಗಳಲ್ಲಿ ಹಗ್ಗ ಕಟ್ಟುತ್ತಾರೆ,
ಹಿಡಿದು ನಡೆಯಲಿಕ್ಕೆ.
ಆ ನವೆಂಬರಿನಲ್ಲೂ ಕಟ್ಟಿದ್ದರು.

ನನಗೆ ಹದಿಮೂರು.
ಯಸ್ನಾ ಬಾಗಿಲ ಬಳಿ ನಿಂತು ಕಣ್ಣು ಮಿಟುಕಿಸಿದಳು,
ನಾನು ಹಸಿರು ಉಗುರುಬಣ್ಣದ ಸೀಸೆಯೊಂದನ್ನು
ಕೋಟಿನ ತೋಳಿನೊಳಗೆ ಜಾರಿಸಿದೆ.
ಹಸಿರು ನನಗೆ ಸೇರುತ್ತಲೂ ಇರಲಿಲ್ಲ.
ಕೆಂಪು ಮೇಲಿನ ಹಲಗೆಯಲ್ಲಿತ್ತು,
ಎಟುಕಲಿಲ್ಲ.

ಹೊಸ್ತಿಲು ದಾಟುವ ಮುನ್ನ ಭುಜದ ಮೇಲೊಂದು ಕೈ.
ತಿರುಗಿ ನೋಡಿದರೆ ಯಸ್ನಾ ಇಲ್ಲ.

ಹಿಂದಿನ ಕೋಣೆಯಲ್ಲಿ ಈರುಳ್ಳಿ ಮೂಟೆ, ಒಂದು ಹೀಟರು,
ಹೋದ ವರ್ಷದ ಕ್ಯಾಲೆಂಡರು.
ಕಾವಲಿನವ ಕೆಟ್ಟವನೇನಲ್ಲ,
ಚಹಾ ಕುಡೀತೀಯಾ ಅಂದ.
ಅಲ್ಲಿಯತನಕ ತಡೆದಿದ್ದ ಅಳು
ಅಷ್ಟಕ್ಕೇ ಬಂತು.

ಅಮ್ಮ ಬಂದಳು, ಸಮವಸ್ತ್ರ ಹೊಲಿಯುವ ಮಳಿಗೆಯಿಂದ ನೇರ,
ಕೊರಳಲ್ಲಿ ಅಳತೆಪಟ್ಟಿ ಹಾಗೇ.
ಅಪ್ಪ ಬಂದ, ಕುರಿ ಕಡಿಯುವ ಕಾರ್ಖಾನೆಯಿಂದ,
ರಬ್ಬರು ಬೂಟು ತೊಳೆದುಕೊಂಡೇ ಬಂದಿದ್ದ,
ಆದರೂ ನೆಲ ಕೊಳೆಯಾದೀತೆಂದು
ಬಾಗಿಲಲ್ಲೇ ನಿಂತ.
ಮ್ಯಾನೇಜರ್ ಮೀಸೆ ಸರಿಯಾಗಿ ಬಾರದ ಹುಡುಗ.
ಅಪ್ಪ ಅವನನ್ನು ಸಾಹೇಬರೇ ಅಂದ.
ಎರಡು ಸಲ.

ಅಮ್ಮ ಸೀಸೆಯ ಬೆಲೆಯನ್ನು ಚಿಲ್ಲರೆಯಲ್ಲಿ ಎಣಿಸಿ
ಮೇಜಿನ ಮೇಲಿಟ್ಟಳು.
ಸೀಸೆಯನ್ನು ಮುಟ್ಟಲಿಲ್ಲ.

ಮೂವರೂ ಹಗ್ಗ ಹಿಡಿದು ನಡೆದೆವು,
ಅಮ್ಮ ಮುಂದೆ, ಅಪ್ಪ ಹಿಂದೆ.
ಅವಳು ಬೈಯುತ್ತಲೇ ಇದ್ದಳು,
ಗಾಳಿ ಅದನ್ನೆಲ್ಲ ಬಾಯಿಂದ ಕಿತ್ತುಕೊಂಡು
ಜಲಸಂಧಿಯ ಕಡೆ ಒಯ್ಯುತ್ತಿತ್ತು.
ನನ್ನ ಪಾಲಿಗೆ ಸಿಕ್ಕಿದ್ದು ಬರೀ ಚೂರು:
ಅರ್ಧ ದಿನದ ಕೂಲಿ
ಯಾವ ಮುಖ
ನನ್ನ ಹೊಟ್ಟೆಯಲ್ಲಿ

ಮನೆಯಲ್ಲಿ ಅಜ್ಜಿ,
ಸೀಸೆಗೆ ಹೋದ ಮಾನ
ಕುರಿಮಂದೆ ಕೊಟ್ಟರೂ ಬಾರದು, ಅಂದಳು;
ಅಂದು, ರೊಟ್ಟಿಗೆ ಬೆಣ್ಣೆ ಹಚ್ಚಿ
ನನ್ನ ಕಡೆ ತಳ್ಳಿದಳು.

ರಾತ್ರಿ ಅಪ್ಪ ಮಂಚದಂಚಿಗೆ ಬಂದು ಕೂತ.
ಎಷ್ಟು ಸೋಪು ಹಚ್ಚಿದರೂ ಹೋಗದ ಕುರಿಕೊಬ್ಬಿನ ವಾಸನೆ.
ತುಂಬ ಹೊತ್ತಾದ ಮೇಲೆ,
ನಾನೂ ಕದ್ದಿದ್ದೆ, ಅಂದ.
ಹನ್ನೊಂದು ವರ್ಷ ಆಗ. ಒಂದು ಮೌತ್ ಆರ್ಗನ್.
ಊದಿದರೆ ಸದ್ದು ಕೇಳಿ ಹಿಡಿದಾರೆಂದು
ಮೂರು ದಿನ ಊದಲೇ ಇಲ್ಲ.
ಆಮೇಲೆ ಸಮುದ್ರಕ್ಕೆ ಎಸೆದೆ.
ಮಲಗು ಇನ್ನು.
ಮಲಗಿದೆ. ಆ ಊದದ ಮೌತ್ ಆರ್ಗನ್ನನ್ನು
ತುಟಿಗಿಟ್ಟುಕೊಂಡ ಹಾಗೆ ನಿದ್ದೆ ಬಂತು.

ಅಮ್ಮ ನಾಲ್ಕು ದಿನ ಮಾತು ಬಿಟ್ಟಳು.
ಐದನೆಯ ದಿನ ಉಪ್ಪು ಕೇಳಿದಳು, ಕೊಟ್ಟೆ.
ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ.

ಅಪ್ಪನನ್ನು ಮಣ್ಣು ಮಾಡಿ ಬಂದ ದಿನ
ಅಡುಗೆಮನೆಯಲ್ಲಿ ಓತಿಲಿಯಾ ಅತ್ತೆಗೆ
ಮೌತ್ ಆರ್ಗನ್ನಿನ ಕತೆ ಹೇಳಿದೆ.
ಅತ್ತೆ ಕಪ್ಪು ಕೆಳಗಿಟ್ಟಳು.
ಎಲೆಉತೇರಿಯೋನಾ? ಕದ್ದನಾ?
ನಾವು ಬೆಳೆದದ್ದು ಕುರಿಹಟ್ಟಿಯಲ್ಲಿ ಮಗಳೇ,
ಅಂಗಡಿ ಅನ್ನುವುದನ್ನು ಅವನು ಕಂಡದ್ದೇ
ಹದಿನಾಲ್ಕರಲ್ಲಿ.
ಸಮುದ್ರ ಕಂಡದ್ದೂ ಆಗಲೇ.

ನಗು ಬಂತು, ಸಾವಿನ ಮನೆ ಎನ್ನುವುದೂ ಮರೆತು.
ಎಂದೂ ಸುಳ್ಳಾಡದ ಮನುಷ್ಯ
ಆ ರಾತ್ರಿ ಎಲ್ಲೆಲ್ಲಿ ತಡಕಾಡಿದ್ದನೋ,
ಯಾರ ಬಾಲ್ಯದಿಂದ ಎತ್ತಿದ್ದನೋ
ಆ ಒಂದು ಕಳ್ಳತನವನ್ನು.
ನಾನೊಬ್ಬಳೇ ಇರಬಾರದೆಂದು.

ಅಮ್ಮನಿಗೆ ಇದನ್ನು ಹೇಳಿಲ್ಲ.
ಎಪ್ಪತ್ತೊಂದು ಅವಳಿಗೀಗ.
ಯಾವ ಅಂಗಡಿಗೆ ಹೋಗಲಿ, ಒಳಗೆ ಕಾಲಿಡುವ ಮೊದಲೇ
ಕೈಚೀಲದ ಜಿಪ್ಪು ಪೂರ್ತಿ ತೆರೆದುಬಿಡುತ್ತಾಳೆ.
ಆ ನವೆಂಬರಿನಿಂದ ಹೀಗೇ.
ಕೈಗವಸು ಕಳಚಿ, ಎರಡೂ ಕೈ ಹೊರಗೆ ಕಾಣುವ ಹಾಗೆ
ಸಾಲುಗಳ ನಡುವೆ ನಡೆಯುತ್ತಾಳೆ.
ನಿನ್ನೆಯೂ, ಕೌಂಟರಿನ ಹುಡುಗಿಯ ಮುಂದೆ
ಚೀಲ ಓರೆ ಮಾಡಿ ಹಿಡಿದಳು.
ಆ ಹುಡುಗಿ ತಲೆ ಎತ್ತಿಯೂ ನೋಡಲಿಲ್ಲ.

ನಾನು ನೋಡಿದೆ.
ಕನ್ನಡಕ, ಬಾಚಣಿಗೆ, ಸುತ್ತಿಟ್ಟ ಅಳತೆಪಟ್ಟಿ.